ಕಟ್ಟುಮರದ ಹೆಸರು, ಜೋಡುದೋಣಿಯ ದಾರಿ

‘ಕಟ್ಟು’, ‘ಮರ’ ಎರಡೂ ಕನ್ನಡದ ಮಾತುಗಳೇ ಆಗಿರುವುದರಿಂದ ಚೆನ್ನೈಗೆ ಬಂದು ನೆಲೆಸಿದ ಕನ್ನಡಿಗರಿಗೆ ತಮಿಳಿನ ‘ಕಟ್ಟುಮರಂ’ ತಿಳಿಯಲು ನಿಘಂಟಿನ ನೆರವು ಬೇಕಾಗುವುದಿಲ್ಲ. ಹಗುರವಾದ ಮರದ ಕೆಲವು ದಿಮ್ಮಿಗಳನ್ನು ಒತ್ತೊತ್ತಾಗಿ ಇರಿಸಿ ತೆಂಗಿನ ನಾರಿನ ಹಗ್ಗದಿಂದ ಬಿಗಿದರೆ ಅದೇ ಕಟ್ಟುಮರ. ಅದಕ್ಕೆ ಒಡಲಿಲ್ಲ, ಅಂಚಿನ ಗೋಡೆಯಿಲ್ಲ. ಮೇಲೆ ಹತ್ತಿದ ಅಲೆ ದಿಮ್ಮಿಗಳ ಸಂದಿನಿಂದ ಇಳಿದುಹೋಗುತ್ತದೆ. ನೀರು ತುಂಬಿಕೊಳ್ಳುವ ಹೊಟ್ಟೆಯೇ ಇಲ್ಲದ ಮೇಲೆ ತುಂಬಿ ಮುಳುಗುವ ಪ್ರಶ್ನೆಯೂ ಇಲ್ಲ. ಆದರೆ ಇಂದು ಇಂಗ್ಲಿಷಿನಲ್ಲಿಯೂ ಅದರ ಮೂಲಕ ಇತರ ಅನೇಕ ಭಾಷೆಗಳಲ್ಲಿಯೂ ‘ಕ್ಯಾಟಮರಾನ್’ ಎಂದರೆ ಬೇರೊಂದೇ ವಸ್ತು: ಎರಡು ಸಪೂರವಾದ ಒಡಲುಗಳನ್ನು ನಡುವೆ ಅಂತರ ಬಿಟ್ಟು ಅಡ್ಡತೊಲೆಗಳಿಂದ ಜೋಡಿಸಿ, ಮೇಲೆ ಅಟ್ಟ ಹಾಸಿದ ದೋಣಿ. ಹಿತ್ತಿಲಿನಲ್ಲಿ ಪ್ಲೈವುಡ್ ಕತ್ತರಿಸಿ, ಅಂಟಿಸಿ, ಹಿಂದೊಂದು ಸಣ್ಣ ಮೋಟಾರು ತೂಗುಹಾಕಿ ಹೊಳೆಗಿಳಿಸುವ ಹವ್ಯಾಸಿಗಳು ಇಂದು ಬಲುವಾಗಿ ಮೆಚ್ಚಿಕೊಂಡಿರುವುದೂ ಈ ಎರಡನೆಯದನ್ನೇ. ಆ ಸಣ್ಣ ಜೋಡುದೋಣಿಯ ಆಕಾರವೂ ಅದನ್ನು ನಡೆಸುವ ಶಕ್ತಿಯೂ ಮುನ್ನೂರೈವತ್ತು ವರ್ಷಗಳಲ್ಲಿ ಒಂದನ್ನೊಂದು ತಿದ್ದುತ್ತ ಬಂದ ಬಗೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಹೆಸರು ಕೊಟ್ಟ ಕರಾವಳಿಗೆ ಅದರಿಂದ ಬಂದುದೇನು ಎಂಬ ಪ್ರಶ್ನೆಯೂ ಜೊತೆಗಿದೆ.

ಮೊದಲು ಹೆಸರಿನ ವಿಚಾರ. 1583ರ ಸುಮಾರಿಗೆ ಈ ಕರಾವಳಿಗೆ ಬಂದ ವೆನಿಸ್ಸಿನ ರತ್ನವ್ಯಾಪಾರಿ ಗಾಸ್ಪಾರೋ ಬಾಲ್ಬಿ, ಏಳು ದಿಮ್ಮಿಗಳನ್ನು ಬಿಗಿದ ಇಂತಹ ತೇಲುಗಗಳನ್ನು ವರ್ಣಿಸಿ, ತನ್ನ ಕಿವಿಗೆ ಬಿದ್ದಂತೆ ಅವುಗಳ ಹೆಸರನ್ನೂ ಬರೆದಿಟ್ಟ. 1697ರಲ್ಲಿ ಅಚ್ಚಾದ ವಿಲಿಯಂ ಡಾಂಪಿಯರನ ಪ್ರವಾಸಗ್ರಂಥ ಈ ಪದವನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿತು. ಮದರಾಸಿಗೆ ಆಗ ಬಂದರವೇ ಇರಲಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದವು. ದಡಕ್ಕೂ ಹಡಗಿಗೂ ನಡುವೆ ಅಲೆ ಮುರಿಯುವ ಪಟ್ಟಿಯನ್ನು ಯಾವ ಹವೆಯಲ್ಲಾದರೂ ದಾಟಬಲ್ಲವನು ಕಟ್ಟುಮರದ ಮೀನುಗಾರನೊಬ್ಬನೇ. ಕಂಪನಿಯ ಕಾಗದಪತ್ರಗಳು ಅವನ ಮೊನಚು ಟೋಪಿಯೊಳಗೆ ಒದ್ದೆಯಾಗದೆ ಹಡಗು ಸೇರುತ್ತಿದ್ದವು. ಹೀಗೆ ಇಂಗ್ಲಿಷ್ ನಾವಿಕರ ಬಾಯಲ್ಲಿ ಈ ಮಾತು ನೆಲೆಯೂರಿತು. ನೆಲೆಯೂರಿದ ಮೇಲೆ ಅದು ಸಡಿಲವೂ ಆಯಿತು. 1804ರಲ್ಲಿ ಬೂಲೋನ್ ಬಂದರಿನಲ್ಲಿ ನೆಪೋಲಿಯನ್ನನ ನೌಕೆಗಳನ್ನು ಸಿಡಿಸಲು ಅಮೆರಿಕದ ರಾಬರ್ಟ್ ಫುಲ್ಟನ್ ಬ್ರಿಟಿಷರಿಗೆ ಮಾಡಿಕೊಟ್ಟ ತೇಲುವ ಸಿಡಿಮದ್ದಿನ ಪೆಟ್ಟಿಗೆಗಳಿಗೂ ‘ಕ್ಯಾಟಮರಾನ್’ ಎಂಬ ಹೆಸರೇ ಬಿದ್ದಿತು. ನೀರಿನ ಮೇಲೆ ತಗ್ಗಾಗಿ ತೇಲುವ, ದೋಣಿಯಂತೆ ಕಾಣದ ಏನೇ ಇದ್ದರೂ ಕ್ಯಾಟಮರಾನ್!

ವಿಚಿತ್ರವೆಂದರೆ, ಎರಡು ಒಡಲುಗಳನ್ನು ಜೋಡಿಸಿದ ದೋಣಿಗೆ ಇದೇ ಕರಾವಳಿಯಲ್ಲಿ ಬೇರೆಯದೇ ಹೆಸರಿತ್ತು. ಕ್ರಿಸ್ತಶಕ ಮೊದಲನೆಯ ಶತಮಾನದ ಗ್ರೀಕ್ ಗ್ರಂಥ ‘ಪೆರಿಪ್ಲಸ್’, ಚೋಳ ಕರಾವಳಿಯ ಬಂದರುಗಳಲ್ಲಿ ಒಂಟಿಮರದ ದೊಡ್ಡ ದೋಣಿಗಳನ್ನು ಒಂದಕ್ಕೊಂದು ಬಿಗಿದು ಮಾಡಿದ ನೌಕೆಗಳಿದ್ದವೆಂದೂ ಅವನ್ನು ‘ಸಂಗರ’ ಎನ್ನುತ್ತಿದ್ದರೆಂದೂ ಹೇಳುತ್ತದೆ. ತಮಿಳು ಮಲಯಾಳಗಳ ‘ಶಂಗಾಡಂ’, ‘ಚಂಗಾಡಂ’ ಎಂಬ ಪದಗಳನ್ನು ಹಾಬ್ಸನ್-ಜಾಬ್ಸನ್ ಕೋಶ ಇದರ ಜೊತೆಗಿಟ್ಟು ನೋಡುತ್ತದೆ. ಅದೇ ಪದ ಪೋರ್ಚುಗೀಸರ ಬಾಯಲ್ಲಿ ‘ಜಂಗಾಡ’ವಾಗಿ, ತಿರುಗಿ ಬಂದು ಕೇರಳದಲ್ಲಿ ಇಂದಿಗೂ ವಾಹನ ದಾಟಿಸುವ ‘ಜಂಗಾರ್’ ಆಗಿದೆ. ನಮ್ಮ ಕಿವಿಗಂತೂ ಇದರಲ್ಲಿ ‘ಸಂಗಡ’ ಕೇಳಿಸದಿರದು. ಸೇತುವೆಗಳು ಬರುವ ಮುನ್ನ ನಮ್ಮ ಕರಾವಳಿಯ ಹೊಳೆಗಳಲ್ಲಿ ಎರಡು ದೋಣಿಗಳ ಮೇಲೆ ಹಲಗೆ ಹಾಸಿ ಕಾರು ಬಸ್ಸುಗಳನ್ನು ದಾಟಿಸುತ್ತಿದ್ದುದನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಇಂಗ್ಲಿಷರು ಎರಡನ್ನೂ ನೋಡಿದರು. ಹೆಸರನ್ನು ಮಾತ್ರ ಅದಲುಬದಲಾಗಿ ಕೊಂಡೊಯ್ದರು.

ಯೂರೋಪಿನಲ್ಲಿ ಜೋಡುದೋಣಿಯ ಗೀಳು ಹತ್ತಿದ ಮೊದಲಿಗರಲ್ಲಿ ಎದ್ದು ಕಾಣುವವನು ಅರ್ಥಶಾಸ್ತ್ರದ ಓದುಗರಿಗೆ ಪರಿಚಿತನಾದ ಸರ್ ವಿಲಿಯಂ ಪೆಟ್ಟಿ. 1662ರಿಂದ ಮೊದಲುಗೊಂಡು ಡಬ್ಲಿನ್‌ನಲ್ಲಿ ಅವನು ಎರಡೊಡಲಿನ ಹಾಯಿದೋಣಿಗಳನ್ನು ಕಟ್ಟಿಸಿ ಪಂದ್ಯಗಳಲ್ಲಿ ಗೆದ್ದ. ದೊರೆ ಎರಡನೆಯ ಚಾರ್ಲ್ಸ್ ಅವನನ್ನು ಗೇಲಿ ಮಾಡಿದ. ‘ಎಕ್ಸ್‌ಪೆರಿಮೆಂಟ್’ ಎಂಬ ಅವನ ದೊಡ್ಡ ಹಡಗು 1665ರಲ್ಲಿ ಬಿರುಗಾಳಿಗೆ ಸಿಕ್ಕಿ ಜನಸಮೇತ ಕಾಣೆಯಾಯಿತು. ಅವನದು ಹಾಯಿಯ ಕಥೆಯಾದ್ದರಿಂದ ನಾವು ಮುಂದೆ ಹೋಗಬಹುದು. ಶಾಂತಸಾಗರದ ಪಾಲಿನೇಷ್ಯನರು ಜೋಡುದೋಣಿಗಳಲ್ಲಿ ಸಾವಿರಾರು ಮೈಲಿ ದಾಟಿ ದ್ವೀಪದ್ವೀಪಗಳಲ್ಲಿ ನೆಲೆಸಿ ಶತಮಾನಗಳೇ ಕಳೆದಿದ್ದ ಕಾಲದಲ್ಲಿ ಡಬ್ಲಿನ್ನಿನಲ್ಲಿ ಇದು ಹೊಸ ಆವಿಷ್ಕಾರವೆನಿಸಿತೆಂಬುದನ್ನಷ್ಟೇ ನೆನೆಯೋಣ.

ಯಂತ್ರಶಕ್ತಿಯ ಕಥೆ ತೊಡಗುವುದು ಸ್ಕಾಟ್ಲೆಂಡಿನ ಡಾಲ್ಸ್‌ವಿಂಟನ್ ಎಂಬಲ್ಲಿಯ ಕೆರೆಯೊಂದರಲ್ಲಿ. ಅದರ ಒಡೆಯ ಪ್ಯಾಟ್ರಿಕ್ ಮಿಲ್ಲರ್ ಎಡಿನ್‌ಬರೋದ ಬ್ಯಾಂಕರು, ಹಣವಂತ, ಹೊಸತರ ಹುಚ್ಚಿನವನು. ಕವಿ ರಾಬರ್ಟ್ ಬರ್ನ್ಸ್ 1788ರಲ್ಲಿ ಗೇಣಿಗೆ ಹಿಡಿದ ಎಲಿಸ್‌ಲೆಂಡ್ ಹೊಲ ಇವನದೇ. ಮಿಲ್ಲರನ ಲೆಕ್ಕ ಸರಳವಾಗಿತ್ತು. ಗಾಳಿ ಬಿದ್ದಾಗ ಹಾಯಿಯ ಹಡಗು ಕೊರಡಿನಂತೆ ನಿಂತುಬಿಡುತ್ತದೆ. ಹಲಗೆಗಳನ್ನು ಜೋಡಿಸಿದ ಚಕ್ರವನ್ನು ನೀರಿನಲ್ಲಿ ತಿರುಗಿಸಿದರೆ ಆಗಲೂ ನಡೆಸಬಹುದು. ಆದರೆ ಚಕ್ರವನ್ನು ಎಲ್ಲಿಡುವುದು? ಪಕ್ಕದಲ್ಲಿಟ್ಟರೆ ಹಡಗು ವಾಲಿದಾಗ ಒಂದು ಚಕ್ರ ಮುಳುಗಿ ಇನ್ನೊಂದು ಗಾಳಿಯಲ್ಲಿ ತಿರುಗುತ್ತದೆ. ಎರಡು ಒಡಲುಗಳ ನಡುವಿನ ಓಣಿಯಲ್ಲಿಟ್ಟರೆ ಈ ಎರಡೂ ತೊಡಕುಗಳಿಲ್ಲ. ಅಗಲದ ಮೇಲೆ ನಿಂತ ಜೋಡುದೋಣಿ ವಾಲುವುದೂ ಕಡಿಮೆ. ಹೀಗೆ ಅವನು ಎರಡು, ಮೂರು ಒಡಲುಗಳ ದೋಣಿಗಳನ್ನು ಕಟ್ಟಿಸಿ, ನಡುವಿನ ಚಕ್ರಗಳನ್ನು ಆಳುಗಳಿಂದ ತಿರುಗಿಸಿದ. 1787ರಲ್ಲಿ ಚಿತ್ರಗಳ ಸಮೇತ ಪುಸ್ತಿಕೆಯನ್ನೂ ಅಚ್ಚು ಹಾಕಿಸಿದ. ದೋಣಿಗಳು ನಡೆದವು. ಆದರೆ ತಿರುಗಿಸುವವರು ಬೇಗ ಬಸವಳಿದರು. ಮಿಲ್ಲರನ ಮಕ್ಕಳಿಗೆ ಪಾಠ ಹೇಳುತ್ತಿದ್ದ ಜೇಮ್ಸ್ ಟೇಲರ್ ತಾನೂ ಒಂದು ದಿನ ಆ ಕೆಲಸಕ್ಕೆ ಕೈಹಾಕಿದ. ಕೈ ಸೋತ ಮೇಲೆ, ಇದಕ್ಕೆ ಉಗಿಯಂತ್ರವನ್ನೇ ಹೂಡಬೇಕೆಂದು ಒಡೆಯನಿಗೆ ಸೂಚಿಸಿದ. ಮೈಮುರಿದು ದುಡಿದವನಿಗೆ ಹೊಳೆದ ವಿಚಾರವದು.

ಯಂತ್ರ ಮಾಡಿದವನು ಟೇಲರನ ಗೆಳೆಯ ವಿಲಿಯಂ ಸಿಮಿಂಗ್ಟನ್. 1788ರ ಅಕ್ಟೋಬರ್ 14ರಂದು ಸುಮಾರು 25 ಅಡಿ ಉದ್ದ, 7 ಅಡಿ ಅಗಲದ ಜೋಡುದೋಣಿ ಡಾಲ್ಸ್‌ವಿಂಟನ್ನಿನ ಕೆರೆಗಿಳಿಯಿತು. ಒಂದು ಒಡಲಿನಲ್ಲಿ ಬಾಯ್ಲರು, ಇನ್ನೊಂದರಲ್ಲಿ ಯಂತ್ರ, ನಡುವಿನ ಓಣಿಯಲ್ಲಿ ಒಂದರ ಹಿಂದೊಂದು ಚಕ್ರ. ಕೊಳವೆಗಳ ಅಡ್ಡಗಲ ನಾಲ್ಕೇ ಅಂಗುಲ. ಸರಪಳಿ ಮತ್ತು ಹಲ್ಲುಗಾಲಿಗಳ ಮೂಲಕ ಚಕ್ರ ತಿರುಗಿ, ದೋಣಿ ಗಂಟೆಗೆ ಸುಮಾರು 5 ಮೈಲಿಯಂತೆ ಓಡಿತು. ಬರ್ನ್ಸ್ ಆ ದಿನ ದೋಣಿಯಲ್ಲಿದ್ದನೆಂಬ ಕಥೆಯೂ ಉಂಟು, ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅವನಿದ್ದಿದ್ದರೆ ಒಂದು ಪದ್ಯವಾದರೂ ಉಳಿಯದಿರುತ್ತಿತ್ತೇ ಎಂಬುದು ನನ್ನ ಸಂಶಯ. ಯಂತ್ರ ಮಾತ್ರ ಉಳಿದಿದೆ, ಲಂಡನ್ನಿನ ವಿಜ್ಞಾನ ಸಂಗ್ರಹಾಲಯದಲ್ಲಿ. ಬ್ರಿಟನ್ನಿನಲ್ಲಿ ಉಗಿಯಿಂದ ನಡೆದ ಮೊದಲ ದೋಣಿಗಳಲ್ಲೊಂದು, ಸ್ವಂತ ಕೆರೆಯಲ್ಲಿ ಸ್ವಂತ ಹಣದಿಂದ ಮಾಡಿಸಿದ ಸಣ್ಣ ಕ್ಯಾಟಮರಾನ್ ಎಂಬುದು ಹಡಗುಗಳ ಚರಿತ್ರೆಯಲ್ಲಿ ಅಡಿಟಿಪ್ಪಣಿಯಾಗಿ ಉಳಿದುಬಿಟ್ಟಿದೆ. ಅದು ಅಡಿಟಿಪ್ಪಣಿಯಾಗಬಾರದು ಎಂಬ ಕಾರಣಕ್ಕೇ ಇಷ್ಟು ವಿವರವಾಗಿ ಬರೆದೆ.

ಮರುವರ್ಷ ನಡೆದುದು ಇನ್ನೂ ಪಾಠವಾಗಬಲ್ಲದ್ದು. ಮಿಲ್ಲರ್ 60 ಅಡಿಯ ಜೋಡುದೋಣಿಗೆ ಕ್ಯಾರನ್ ಕಾರ್ಖಾನೆಯಲ್ಲಿ ದೊಡ್ಡ ಯಂತ್ರ ಮಾಡಿಸಿದ. 1789ರ ಡಿಸೆಂಬರಿನಲ್ಲಿ ಫೋರ್ತ್–ಕ್ಲೈಡ್ ಕಾಲುವೆಯಲ್ಲಿ ಮೊದಲ ಸಲ ಚಕ್ರದ ಹಲಗೆಗಳು ಮುರಿದವು. ಗಟ್ಟಿ ಹಲಗೆ ಹಾಕಿ ತಿಂಗಳ ಕೊನೆಗೆ ಓಡಿಸಿದಾಗ ವೇಗ ಗಂಟೆಗೆ ಸುಮಾರು 7 ಮೈಲಿ. ಕೆಲಸ ಗೆದ್ದಿತು. ಆದರೂ ಮಿಲ್ಲರನಿಗೆ ಬೇಸರ ಹಿಡಿಯಿತು. ಯಂತ್ರ ಭಾರ, ಖರ್ಚು ಅಂದಾಜು ಮೀರಿದ್ದು. ಈ ಯಂತ್ರ ದೋಣಿಗೆ ಹೇಳಿಸಿದ್ದಲ್ಲವೆಂದು ಅವನೇ ಪತ್ರ ಬರೆದ. ಕೆರೆಯಲ್ಲಿ ಹಗುರ ದೋಣಿಯನ್ನು ನಾಲ್ಕಂಗುಲದ ಕೊಳವೆ ಓಡಿಸಿತ್ತು. ಕಾಲುವೆಯಲ್ಲಿ ಯಂತ್ರವನ್ನು ಹೊರಲೆಂದೇ ದೋಣಿ ಬೆಳೆಯಬೇಕಾಯಿತು. (ತನ್ನ ಬಹು ಒಡಲಿನ ಹಡಗೊಂದನ್ನು ಮಿಲ್ಲರ್ ಸ್ವೀಡನ್ನಿನ ದೊರೆಗೆ ಕಳಿಸಿದನೆಂದೂ, ಪ್ರತಿಯಾಗಿ ಚಿನ್ನದ ಪೆಟ್ಟಿಗೆಯೊಳಗೆ ಗೆಡ್ಡೆತರಕಾರಿಯೊಂದರ ಬೀಜ ಬಂತೆಂದೂ ಸ್ಕಾಟ್ಲೆಂಡಿನಲ್ಲಿ ಹೇಳುತ್ತಾರೆ.) ಮುಂದೆ ಸಿಮಿಂಗ್ಟನ್ ಒಂದೇ ಮುಖ್ಯ ಒಡಲಿನ ‘ಶಾರ್ಲಟ್ ಡಂಡಾಸ್’ ಕಟ್ಟಿದ, ಸಿಡಿಮದ್ದಿಗೆ ಕ್ಯಾಟಮರಾನ್ ಎಂದು ಹೆಸರು ತರಿಸಿಕೊಂಡ ಫುಲ್ಟನ್ 1814ರಲ್ಲಿ ಅಮೆರಿಕದ ನೌಕಾಪಡೆಗೆ ನಿಜವಾಗಿಯೇ ಎರಡೊಡಲಿನ, ನಡುವೆ ಚಕ್ರವುಳ್ಳ ಉಗಿಯುದ್ಧನೌಕೆಯನ್ನು ಕಟ್ಟಿದ. ಚಕ್ರ ಹೋಗಿ ಹಿಂಬದಿಯ ಪ್ರೊಪೆಲ್ಲರ್ ಬಂದ ಮೇಲೆ ಓಣಿಯ ಅಗತ್ಯ ತೀರಿತು. ಜೋಡುದೋಣಿ ಯಂತ್ರದವರ ಮನಸ್ಸಿನಿಂದ ಮರೆಯಾಯಿತು.

ಮರೆಯಾಗಬಾರದಿತ್ತು ಎಂಬುದಕ್ಕೆ ಕಾರಣ ನೀರಿನ ಸ್ವಭಾವದಲ್ಲೇ ಇತ್ತು. ಅದು ಲೆಕ್ಕಕ್ಕೆ ಸಿಗಲು ಇನ್ನೊಂದು ಶತಮಾನ ಹಿಡಿಯಿತು. ದೋಣಿ ಮುಂದೆ ಸಾಗುವಾಗ ತನ್ನ ಅಲೆಯನ್ನು ತಾನೇ ಎಬ್ಬಿಸಿಕೊಳ್ಳುತ್ತದೆ. ವೇಗ ಏರಿದಂತೆ ಆ ಅಲೆಯ ಉದ್ದವೂ ಏರಿ, ಒಂದು ಹಂತದಲ್ಲಿ ದೋಣಿಯಷ್ಟೇ ಉದ್ದವಾಗುತ್ತದೆ. ಅಲ್ಲಿಂದಾಚೆಗೆ ದಪ್ಪ ಒಡಲಿನ ದೋಣಿ ತನ್ನದೇ ಅಲೆಯ ಏರನ್ನು ಹತ್ತುತ್ತಿರುವಂತೆ ಏದುಸಿರು ಬಿಡುತ್ತದೆ. ಮೋಟಾರಿನ ಬಲ ಎಷ್ಟು ಸುರಿದರೂ ಅಲೆ ದೊಡ್ಡದಾಗುವುದೇ ಹೊರತು ವೇಗ ಹೆಚ್ಚದು. ಇದನ್ನು ಮಾದರಿಗಳನ್ನು ತೊಟ್ಟಿಯಲ್ಲಿ ಎಳೆದು ಅಳೆದವನು 1870ರ ದಶಕದಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೌಡ್. ಐದೂವರೆ ಮೀಟರ್ ಉದ್ದದ ದೋಣಿಗೆ ಆ ಹಂತ ಗಂಟೆಗೆ ಸುಮಾರು ಹತ್ತೂವರೆ ಕಿಲೋಮೀಟರಿನಲ್ಲಿ ಎದುರಾಗುತ್ತದೆ.

1898ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿದ್ದ ಗಣಿತಜ್ಞ ಜಾನ್ ಹೆನ್ರಿ ಮಿಚೆಲ್, ಹಡಗು ಎಬ್ಬಿಸುವ ಅಲೆಯಿಂದಾಗುವ ತಡೆಯನ್ನು ಶುದ್ಧ ಗಣಿತದಿಂದ ಲೆಕ್ಕಹಾಕುವ ಸೂತ್ರವನ್ನು ಪ್ರಕಟಿಸಿದ. ಅವನ ಸೂತ್ರಕ್ಕೊಂದು ನಿಬಂಧನೆ: ಹಡಗು ಉದ್ದಕ್ಕೆ ಹೋಲಿಸಿದರೆ ಅತಿ ಸಪೂರವಾಗಿರಬೇಕು. ಅಂತಹ ಸರಕುಹಡಗನ್ನು ಯಾರು ಕಟ್ಟುತ್ತಾರೆ? ಲೇಖನ ಬಹುಕಾಲ ಧೂಳು ತಿಂದಿತು. ಆದರೆ ಸಪೂರತನದ ನಿಬಂಧನೆಗೆ ಬಹಳ ಹತ್ತಿರ ಬರುವ ದೋಣಿಯೊಂದಿತ್ತು. ಅದು ಜೋಡುದೋಣಿಯ ಒಂಟಿ ಒಡಲು. ಒಂಟಿ ದೋಣಿ ಅಷ್ಟು ಸಪೂರವಾದರೆ ಮಗುಚಿಕೊಳ್ಳುತ್ತದೆ, ಎರಡನ್ನು ಜೋಡಿಸಿದರೆ ಮಗುಚುವುದಿಲ್ಲ. ಉದ್ದವು ಅಗಲದ ಹತ್ತು ಹನ್ನೆರಡು ಪಟ್ಟಿರುವ ಒಡಲು ಎಬ್ಬಿಸುವ ಅಲೆ ತೀರ ಕಿರಿದು. ಅದು ಫ್ರೌಡನ ಗೋಡೆಯನ್ನು ಹತ್ತದೆ ನುಸುಳಿ ಹೋಗುತ್ತದೆ. (ಮಿಚೆಲ್ಲನ ತಮ್ಮನ ಅದೃಷ್ಟ ಬೇರೆ ಬಗೆಯದು: ಪ್ರೊಪೆಲ್ಲರಿನ ಒತ್ತಡವನ್ನು ಹೊರುವ ಅವನ ಬೇರಿಂಗು ಪ್ರಪಂಚದ ದೊಡ್ಡ ಹಡಗುಗಳನ್ನೆಲ್ಲ ಸೇರಿತು.)

ಈ ಲಾಭಕ್ಕೆ ತೆರಬೇಕಾದ ಬೆಲೆ ಭಾರದ್ದು. ಐದೂವರೆ ಮೀಟರ್ ಉದ್ದದ, ತಲಾ 45 ಸೆಂಟಿಮೀಟರ್ ಅಗಲದ ಎರಡು ಒಡಲುಗಳನ್ನು ಊಹಿಸಿಕೊಂಡು ಲೆಕ್ಕ ಹಾಕಿದರೆ, ಸಮುದ್ರದ ನೀರಿನಲ್ಲಿ ಸುಮಾರು 38 ಕಿಲೋ ಏರಿಸಿದರೆ ಸಾಕು, ದೋಣಿ ಒಂದು ಸೆಂಟಿಮೀಟರ್ ಕೆಳಗಿಳಿಯುತ್ತದೆ. ಅಷ್ಟೇ ಉದ್ದದ ಸಾಮಾನ್ಯ ಅಗಲದ ಒಂಟಿ ದೋಣಿ ಅಷ್ಟೇ ಇಳಿಯಲು ಅದರ ಹೆಚ್ಚುಕಡಿಮೆ ಎರಡರಷ್ಟು ಭಾರ ಬೇಕು. ನಾಲ್ವರು ಹತ್ತಿ, ಇಂಧನದ ಡಬ್ಬಿ, ಬಲೆ, ಮಂಜುಗಡ್ಡೆಯ ಪೆಟ್ಟಿಗೆ ಸೇರಿದರೆ ಒಡಲು ಆಳಕ್ಕಿಳಿದು, ನಡುವಿನ ಅಟ್ಟ ಅಲೆಗೆ ಬಡಿಯತೊಡಗುತ್ತದೆ. ಮಿಲ್ಲರ್ ಕಾಲುವೆಯಲ್ಲಿ ಕಂಡದ್ದು ಇದೇ ಸತ್ಯದ ಮೊದಲ ನೋಟ. ಜೋಡುದೋಣಿಗೆ ಕಡಿಮೆ ಬಲ ಸಾಕು. ಹೆಚ್ಚು ಬಲ ಬೇಕೆಂದು ಭಾರದ ಯಂತ್ರ ಹೇರಿದವನಿಗೆ ಅದು ಇದ್ದ ಗುಣವನ್ನೂ ಬಿಟ್ಟುಕೊಡುವುದಿಲ್ಲ.

ಹಾಗಾಗಿ ಸಣ್ಣ ಜೋಡುದೋಣಿ ಕಾದಿದ್ದದ್ದು ಹಗುರವಾದ ಯಂತ್ರಕ್ಕೆ. ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ನಾರ್ವೆ ಮೂಲದ ಓಲೆ ಎವಿನ್ರೂಡ್, ಪ್ರೇಯಸಿಗಾಗಿ ಕೆರೆಯಾಚೆಯಿಂದ ತಂದ ಐಸ್‌ಕ್ರೀಮು ಹುಟ್ಟುಹಾಕುತ್ತ ಬರುವಷ್ಟರಲ್ಲಿ ಕರಗಿತೆಂಬ ಕಥೆ ಪ್ರಸಿದ್ಧ. ಕಥೆ ಹೇಗಾದರೂ ಇರಲಿ, 1909ರಲ್ಲಿ ಅವನು ಮಾರಿದ ಔಟ್‌ಬೋರ್ಡ್ ಮೋಟಾರು ಒಂದೂವರೆ ಅಶ್ವಶಕ್ತಿಯದು, ತೂಕ 62 ಪೌಂಡು, ಎಂದರೆ ಸುಮಾರು 28 ಕಿಲೋ. ಒಬ್ಬನೇ ಎತ್ತಿ ಹಿಂತುದಿಗೆ ತಗುಲಿಸಬಹುದು, ಸಂಜೆ ಬಿಚ್ಚಿ ಮನೆಗೊಯ್ಯಬಹುದು. ಅದಕ್ಕೂ ಮುನ್ನವೇ, 1876ರಲ್ಲಿ, ಅಮೆರಿಕದ ನೆಥಾನಿಯಲ್ ಹೆರೆಶಾಫ್ ‘ಅಮರಿಲಿಸ್’ ಎಂಬ ಎರಡೊಡಲಿನ ಹಾಯಿದೋಣಿಯಲ್ಲಿ ನ್ಯೂಯಾರ್ಕಿನ ಪಂದ್ಯದಲ್ಲಿ ಎಲ್ಲರನ್ನೂ ಹಿಂದಿಕ್ಕಿ, ಇದು ದೋಣಿಯೇ ಅಲ್ಲವೆಂಬಂತಹ ಆಕ್ಷೇಪ ಎದುರಿಸಿ, ಬಹುಮಾನ ಕಳೆದುಕೊಂಡಿದ್ದ. ಅವನ ದೋಣಿಗಳನ್ನು ಜನ ‘ಕ್ಯಾಟಮರಾನ್’ ಎಂದು ಕರೆದರು. ತಮಿಳು ಮೀನುಗಾರನ ದಿಮ್ಮಿಗಳಿಂದ ಹೆಸರು ಕಳಚಿಕೊಂಡು ಜೋಡುದೋಣಿಗೆ ಗಟ್ಟಿಯಾಗಿ ಅಂಟಿದ್ದು ಈ ಕಾಲದಲ್ಲಿ.

ಮೂರನೆಯ ಅಗತ್ಯ ಪ್ಲೈವುಡ್. ನೀರಿಗೆ ಬಿಡದ ಅಂಟುಗಳು 1930ರ ದಶಕದಲ್ಲಿ ಬಂದವು. ಮಹಾಯುದ್ಧ ಅವುಗಳನ್ನು ಪರೀಕ್ಷಿಸಿತು. ಯುದ್ಧ ಮುಗಿದ ಮೇಲೆ ಅದೇ ಹಲಗೆ ಸಾಮಾನ್ಯರ ಕೈಗೆ ಸಿಕ್ಕಿತು. ಬಾಗಿದ ಮರವನ್ನು ಹುಡುಕಿ, ಪಕ್ಕೆಲುಬಿನಂತೆ ಕೊರೆದು, ಹಲಗೆಗೆ ಹಲಗೆ ಕೂಡಿಸುವ ಓಡಾಯಿತರ ವಿದ್ಯೆ ತಲೆಮಾರುಗಳದು. ಪ್ಲೈವುಡ್ಡನ್ನು ಅಳತೆಗೆ ಕತ್ತರಿಸಿ ಅಂಚಿಗೆ ಅಂಚು ಸೇರಿಸುವುದಕ್ಕೆ ಒಂದು ಚಳಿಗಾಲದ ಬಿಡುವು ಸಾಕು. ಸಪೂರ ಒಡಲಿನ ಹಲಗೆಗೆ ಬಾಗೂ ಕಡಿಮೆ. ಇಂಗ್ಲೆಂಡಿನ ಕ್ಯಾನ್ವೆ ದ್ವೀಪದಲ್ಲಿ ಪ್ರೌಟ್ ಸೋದರರು (ಇವರು 1952ರ ಒಲಿಂಪಿಕ್ಸಿನಲ್ಲಿ ಕಾಯಕ್ ನಡೆಸಿದವರು) ಎರಡು ಕಾಯಕ್‌ಗಳನ್ನು ಬಿದಿರಿನಿಂದ ಜೋಡಿಸಿ ನೋಡಿದ್ದರಿಂದ ಹೊರಟು ಪ್ರಸಿದ್ಧ ವಿನ್ಯಾಸಕರಾದರು. ಮನೆಯಲ್ಲೇ ಕಟ್ಟುವವರ ಗುರುವೆನಿಸಿದವನು ಮಾತ್ರ ಜೇಮ್ಸ್ ವಾರಮ್. ಎರಿಕ್ ದ ಬಿಶೋಪ್ ಎಂಬ ಫ್ರೆಂಚ್ ನಾವಿಕ 1937–38ರಲ್ಲಿ ಹವಾಯಿಯಿಂದ ಫ್ರಾನ್ಸಿಗೆ ಜೋಡುದೋಣಿಯಲ್ಲಿ ಬಂದ ಕಥೆ ಓದಿ ಪ್ರೇರಿತನಾದ ವಾರಮ್, 1954ರಲ್ಲಿ ಇಪ್ಪತ್ತಮೂರೂವರೆ ಅಡಿಯ ‘ತಂಗರೋವ’ವನ್ನು ಅತ್ಯಲ್ಪ ಹಣದಲ್ಲಿ ಕಟ್ಟಿ, ಇಬ್ಬರು ಜರ್ಮನ್ ಯುವತಿಯರೊಡನೆ ಅಟ್ಲಾಂಟಿಕ್ ದಾಟಿದ. ಮುಂದೆ 2021ರಲ್ಲಿ ತೀರಿಕೊಳ್ಳುವವರೆಗೆ ಅವನು ಮಾರಿದ್ದು ನಕ್ಷೆಗಳನ್ನು; ಸಾವಿರಾರು ಜನ ಅವನ್ನು ಕೊಂಡು ತಮ್ಮ ಕೊಟ್ಟಿಗೆಗಳಲ್ಲಿ, ತೋಟಗಳಲ್ಲಿ ದೋಣಿ ಕಟ್ಟಿದರು.

ವಾರಮ್‌ನ ಮುಂದಿನ ವಿನ್ಯಾಸಗಳಲ್ಲಿ ನನಗೆ ಅಚ್ಚರಿಯೆನಿಸಿದ ಸಂಗತಿ ಒಂದುಂಟು. ಒಡಲುಗಳಿಗೂ ಅಡ್ಡತೊಲೆಗಳಿಗೂ ಅವನು ಬೋಲ್ಟು ಹಾಕಲಿಲ್ಲ, ಹಗ್ಗದಿಂದ ಬಿಗಿದ. ಬೋಲ್ಟು ಬಿಗಿದಲ್ಲಿ ಅಲೆಯ ತಿರುಚು ಒಂದೇ ಬಿಂದುವಿಗೆ ಬಿದ್ದು ಮರ ಸೀಳುತ್ತದೆ. ಹಗ್ಗ ಕೂದಲೆಳೆಯಷ್ಟು ಕೊಟ್ಟು ಪೆಟ್ಟನ್ನು ಹಂಚಿಕೊಳ್ಳುತ್ತದೆ. ಅವನು ಕಲಿತದ್ದು ಪಾಲಿನೇಷ್ಯನರಿಂದ. ಆದರೆ ಹೀಗೆ ಹಗ್ಗದಿಂದ ಬಿಗಿದ ಮೇಲೆ ಆ ದೋಣಿಗೆ ಸಲ್ಲದೆ ಬಂದಿದ್ದ ತಮಿಳು ಹೆಸರು ಅಕ್ಷರಶಃ ಸಂದಿತು: ಅದು ಕಟ್ಟಿದ ಮರವೇ.

ಮೋಟಾರನ್ನು ಎಲ್ಲಿ ತೂಗುಹಾಕಬೇಕೆಂಬುದು ಮಿಲ್ಲರನ ಕಾಲದಿಂದ ಇಂದಿನವರೆಗೆ ತೀರದ ಚರ್ಚೆ. ನಡುವಿನ ಅಟ್ಟದಲ್ಲೊಂದು ಕಿಂಡಿ ಕೊರೆದು ಒಂದೇ ಮೋಟಾರನ್ನು ಇಳಿಬಿಡುವುದು ಅಗ್ಗ, ಹಗುರ. ಆದರೆ ಎರಡು ಒಡಲುಗಳ ಅಲೆಗಳು ಓಣಿಯಲ್ಲಿ ಕೂಡಿ ತಗ್ಗಾದಲ್ಲಿ ಪ್ರೊಪೆಲ್ಲರ್ ಬಿದ್ದರೆ ಅದು ನೀರಿನ ಬದಲು ಗಾಳಿಯನ್ನು ಕಡೆಯುತ್ತದೆ, ಆದ್ದರಿಂದ ಉದ್ದ ಕಾಲಿನ ಮೋಟಾರು ಬೇಕು. ಒಡಲಿಗೊಂದರಂತೆ ಎರಡು ಮೋಟಾರು ಇಟ್ಟರೆ ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಗಿಸಿ ದೋಣಿಯನ್ನು ನಿಂತಲ್ಲೇ ಹೊರಳಿಸಬಹುದು; ಆದರೆ ಸಪೂರ ಒಡಲಿನ ತುದಿಗೆ ತೇಲುವ ಬಲ ಕಡಿಮೆಯಾದ್ದರಿಂದ ಹಿಂಬದಿ ಕುಸಿಯುತ್ತದೆ. ಮನೆಯಲ್ಲಿ ಕಟ್ಟುವವರಿಗೆ ಒಂದೇ ಮೋಟಾರೇ ಲೇಸೆಂದು ನನ್ನ ತೀರ್ಮಾನ.

ಇನ್ನು ಹೆಸರು ಕೊಟ್ಟ ಕರಾವಳಿಗೆ ಬರೋಣ. ಕಟ್ಟುಮರ ಎಲ್ಲ ಅರ್ಥದಲ್ಲಿಯೂ ಮನೆಯಲ್ಲಿ ಕಟ್ಟಿದ ದೋಣಿಯಾಗಿತ್ತು. ದಡಕ್ಕೆ ಬಂದ ಮೇಲೆ ಹಗ್ಗ ಬಿಚ್ಚಿ ದಿಮ್ಮಿಗಳನ್ನು ಬೇರೆ ಮಾಡಿ ಒಣಗಲು ಬಿಡುವುದು, ಹೊರಡುವಾಗ ತಿರುಗಿ ಕಟ್ಟುವುದು ವಾಡಿಕೆ. ಆದರೆ ಮರ ದುಬಾರಿಯಾಯಿತು. ಯಾಂತ್ರಿಕ ಟ್ರಾಲರುಗಳು ತೀರದ ಮೀನನ್ನು ಬಾಚತೊಡಗಿದ ಮೇಲೆ ಹುಟ್ಟು ಹಾಯಿಗಳಿಂದ ತಲುಪಲಾಗದ ದೂರಕ್ಕೆ ಹೋಗಬೇಕಾಯಿತು. 1980ರ ದಶಕದ ಆರಂಭದಲ್ಲಿ ಕೇರಳ ಮತ್ತು ಕನ್ಯಾಕುಮಾರಿ ತೀರಗಳಲ್ಲಿ ಔಟ್‌ಬೋರ್ಡ್ ಮೋಟಾರುಗಳು ಹಬ್ಬಿದವು. ಪೆಟ್ರೋಲಿನಲ್ಲಿ ಶುರುಮಾಡಿ ಸೀಮೆಎಣ್ಣೆಯಲ್ಲಿ ಓಡಿಸುವುದು ರೂಢಿಯಾಯಿತು.

ಮೋಟಾರಿಗೆ ಒಪ್ಪುವ ದೋಣಿಯನ್ನು ಕನ್ಯಾಕುಮಾರಿ ಜಿಲ್ಲೆಯ ಮುಟ್ಟಂನಲ್ಲಿ ಹುಡುಕಿದವರಲ್ಲಿ ಬೆಲ್ಜಿಯಂನ ಪಿಯರ್ ಜಿಲೆ ಮುಖ್ಯ. ಷೂಮಾಕರ್ ಸ್ಥಾಪಿಸಿದ ಬ್ರಿಟನ್ನಿನ ಇಂಟರ್ಮೀಡಿಯೇಟ್ ಟೆಕ್ನಾಲಜಿ ಗುಂಪಿನ ನೆರವೂ ಇತ್ತು. ಹವ್ಯಾಸಿಗಳು ಹಿತ್ತಿಲಿನಲ್ಲಿ ಬಳಸುವ ಉಪಾಯವೇ ಅಲ್ಲಿಯೂ ಬಂದಿತು: ಪ್ಲೈವುಡ್ ಹಲಗೆಗಳ ಅಂಚಿನಲ್ಲಿ ತೂತು ಕೊರೆದು, ತಂತಿಯಿಂದ ಹೊಲಿದು, ಸಂದಿಗೆ ರಾಳ ಮತ್ತು ಗಾಜಿನ ನಾರು ಹಾಕಿ ಬಿಗಿಯುವುದು. ತನ್ನ ಅನುಭವವನ್ನು ಜಿಲೆ 1985ರಲ್ಲಿ ಪುಸ್ತಕವಾಗಿ ಬರೆದಾಗ ಅದಕ್ಕೆ ‘ಸಣ್ಣದೇ ಕಷ್ಟ’ ಎಂಬರ್ಥದ ಹೆಸರಿಟ್ಟ. ಸಣ್ಣದೇ ಸುಂದರವೆಂದ ಷೂಮಾಕರನ ಪ್ರಸಿದ್ಧ ಶೀರ್ಷಿಕೆಗೆ ಮೆಲ್ಲನೆ ಕೊಟ್ಟ ಚಿವುಟು ಅದು. ಕಷ್ಟ ಎಲ್ಲಿತ್ತೆಂಬುದನ್ನು ಊಹಿಸಬಹುದು. ಕೆರೆಯ ಹವ್ಯಾಸಿಯ ದೋಣಿಗೆ ಭಾನುವಾರ ಬಿಸಿಲು ಚೆನ್ನಾಗಿದ್ದರೆ ಸಾಕು. ಮುಟ್ಟಂನ ದೋಣಿ ವರ್ಷದ ಬಹುದಿನ ಮುರಿಯುವ ಅಲೆಯಲ್ಲಿ ಹೊರಟು ಮರಳಿನ ಮೇಲೆ ಬಡಿದಿಳಿಯಬೇಕು; ಮೋಟಾರು ನೀರು ಕುಡಿಯಬಾರದು; ಬಲೆ ಮೀನುಗಳ ಭಾರ ಹೊರಬೇಕು; ಕೊನೆಗೆ ಸಾಲ ತೀರುವಷ್ಟು ಕಾಲವಾದರೂ ಬಾಳಬೇಕು. ದಿಮ್ಮಿಗಳ ಕಟ್ಟುಮರದಲ್ಲಿ ಒಂದು ದಿಮ್ಮಿ ಸವೆದರೆ ಇನ್ನೊಂದನ್ನು ಕಟ್ಟಿಕೊಳ್ಳಬಹುದಿತ್ತು. ಒಡಲುಳ್ಳ ದೋಣಿ ಒಡೆದರೆ ನೀರು ತುಂಬುತ್ತದೆ.

ಆದರೂ ಆ ದೋಣಿಗಳು ನಿಂತವು. ದಕ್ಷಿಣ ಭಾರತದ ಮೀನುಗಾರ ಸಂಘಗಳ ಒಕ್ಕೂಟ ತನ್ನದೇ ಕಟ್ಟೆಗಳಲ್ಲಿ ಪ್ಲೈವುಡ್ ದೋಣಿಗಳನ್ನು ಕಟ್ಟಿತು. ಅಲ್ಲಿ ಕೆಲಸ ಕಲಿತ ಸ್ಥಳೀಯರು ದೋಣಿಕಟ್ಟುವವರಾದರು. ಮೋಟಾರು ಹೊತ್ತ ದೋಣಿಯನ್ನು ದಿನವೂ ಬಿಚ್ಚಿ ಕಟ್ಟುವುದು ಮಾತ್ರ ನಡೆಯದ ಮಾತಾಯಿತು. ದೋಣಿಯೆಂದರೆ ಕಾರ್ಖಾನೆಯಿಂದ ಬರುವ ಹಲಗೆ, ರಾಳ, ಬಿಡಿಭಾಗ, ಸೀಮೆಎಣ್ಣೆಯ ಪರವಾನಗಿ, ಬಡ್ಡಿ. 2004ರ ಸುನಾಮಿಯಲ್ಲಿ ತಮಿಳುನಾಡಿನ ತೀರದ ಕಟ್ಟುಮರಗಳು ಅಪಾರ ಸಂಖ್ಯೆಯಲ್ಲಿ ನಾಶವಾದಾಗ ಪರಿಹಾರವಾಗಿ ಹೆಚ್ಚಾಗಿ ಬಂದದ್ದು ಗಾಜಿನ ನಾರಿನ ಒಂಟಿ ಒಡಲಿನ ದೋಣಿಗಳು. ಕೊಟ್ಟವರ ಸದುದ್ದೇಶವನ್ನು ನಾನು ಅನುಮಾನಿಸುವುದಿಲ್ಲ. ಆದರೆ ತನ್ನ ದೋಣಿಯನ್ನು ತಾನೇ ಕಟ್ಟಬಲ್ಲವರ ಸಮುದಾಯವೊಂದು ಒಂದೆರಡು ವರ್ಷಗಳಲ್ಲಿ ದೋಣಿ ಕೊಳ್ಳುವವರ ಸಮುದಾಯವಾಗಿ ಮಾರ್ಪಟ್ಟಿತೆಂಬುದು ಪರಿಹಾರದ ಪಟ್ಟಿಗಳಲ್ಲಿ ನಷ್ಟವಾಗಿ ದಾಖಲಾಗಲಿಲ್ಲ.

ಜೋಡುದೋಣಿಯೂ ಕಡೆಗೆ ಈ ದಕ್ಷಿಣಕ್ಕೆ ಬಂದಿದೆ, ಬೇರೆ ದಾರಿಯಿಂದ. ಕೇರಳದ ವೈಕಂ ಮತ್ತು ತವಣಕ್ಕಡವು ನಡುವೆ 2017ರ ಜನವರಿಯಿಂದ ‘ಆದಿತ್ಯ’ ಎಂಬ ಸೌರಶಕ್ತಿಯ ದೋಣಿ ಓಡುತ್ತಿದೆ. ಕಟ್ಟಿದ್ದು ಕೊಚ್ಚಿಯ ನವಾಲ್ಟ್. 75 ಪ್ರಯಾಣಿಕರು, 20 ಮೀಟರ್ ಉದ್ದ, 7 ಮೀಟರ್ ಅಗಲ, ಎರಡು ಸಪೂರ ಒಡಲು, ಒಡಲಿಗೊಂದರಂತೆ 20 ಕಿಲೋವ್ಯಾಟಿನ ವಿದ್ಯುತ್ ಮೋಟಾರು. ಮಿಲ್ಲರನ ಲೆಕ್ಕವೂ ಮಿಚೆಲ್ಲನ ಲೆಕ್ಕವೂ ಅದರಲ್ಲಿ ಕೂಡಿವೆ. ಸೂರ್ಯನಿಂದ ಸಿಗುವ ಬಲ ಅಲ್ಪವಾದ್ದರಿಂದ ಅಲೆ ಎಬ್ಬಿಸದ ಒಡಲು ಬೇಕು. ಬಿಸಿಲು ಹಿಡಿಯುವ ಫಲಕಗಳನ್ನು ಹಾಸಲು ಅಗಲವಾದ ಚಾವಣಿ ಬೇಕು. ಎರಡೂ ಜೋಡುದೋಣಿಯಲ್ಲಿ ತಾವಾಗಿಯೇ ಒದಗುತ್ತವೆ. ಅದು ಹಾಯುವ ವೇಂಬನಾಡು ಕಾಯಲಿನಲ್ಲಿ ಅಲೆ ಮುರಿಯುವುದಿಲ್ಲ. ಚೆನ್ನೈಯ ತೀರದಲ್ಲಿ ಮುರಿಯುತ್ತದೆ. ಅಲ್ಲಿ ಇಳಿಯಬಲ್ಲ, ಮೀನುಗಾರ ತನ್ನ ಕೈಯಾರೆ ಕಟ್ಟಿಕೊಳ್ಳಬಲ್ಲ ಮೋಟಾರಿನ ಜೋಡುದೋಣಿ ಇನ್ನೂ ಬರಬೇಕಾಗಿದೆ.